‘ಫಾಲ್ಟಿ ಟವರ್ಸ್’ನ ಜರ್ಮನ್ನರ ಕಂತು: ಈ ಕೋಲ್ಡಿಟ್ಸ್ ಸಲಾಡ್ ಅಂದ್ರೆ ಏನ್ರಪ್ಪಾ?

ಗಿರಿನಗರದ_ಗೂಬೆ:
ನಿನ್ನೆ ರಾತ್ರಿ ಅಪ್ಪನ ಜೊತೆ ಕೂತು ‘ಫಾಲ್ಟಿ ಟವರ್ಸ್’ನ ‘ದಿ ಜರ್ಮನ್ಸ್’ ಕಂತು ನೋಡಿದೆ. 1975ರದ್ದು, ಬಿಬಿಸಿ. ಗೊತ್ತಿಲ್ಲದವರಿಗೆ ಕಥೆ ಇಷ್ಟು: ಇಂಗ್ಲೆಂಡಿನ ಟೋರ್ಕಿ ಅನ್ನೋ ಕಡಲೂರಲ್ಲಿ ಬೇಸಿಲ್ ಅನ್ನೋ ಮುಂಗೋಪಿಯ ಹೋಟೆಲ್ಲು. ಹೆಂಡತಿ ಸಿಬಿಲ್ ಕಾಲುಗುರು ಮಾಂಸದೊಳಕ್ಕೆ ಬೆಳೆದು ಆಸ್ಪತ್ರೆ ಸೇರಿದಾಳೆ. ಇವನಿಗೆ ಗೋಡೆಗೊಂದು ಮೂಸ್ (ದೊಡ್ಡ ಕೊಂಬಿನ ಪ್ರಾಣಿ) ತಲೆ ನೇತುಹಾಕೋ ಕೆಲಸ, ಬೆಂಕಿ ಅಲಾರಂ ಕವಾಯತು ಮಾಡಿಸೋ ಕೆಲಸ. ಎರಡೂ ಎಕ್ಕುಟ್ಟಿಹೋಗಿ, ತಲೆಗೆ ಪೆಟ್ಟು ಬಿದ್ದು, ಆಸ್ಪತ್ರೆಯಿಂದ ತಪ್ಪಿಸ್ಕೊಂಡು ಬಂದು ಜರ್ಮನ್ ಅತಿಥಿಗಳಿಗೆ ಬಡಿಸೋಕೆ ನಿಲ್ತಾನೆ. ‘ಯುದ್ಧದ ಮಾತು ಎತ್ತಬೇಡಿ’ ಅಂತ ಎಲ್ಲರ ಕಿವಿಲೂ ಪಿಸುಗುಟ್ಟೋನು ತಾನೇ ಬಾಯಿ ಬಿಟ್ಟಾಗೆಲ್ಲ ಯುದ್ಧ.

ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ, ನಿಜ. ಆದ್ರೆ ಅರ್ಧ ನಗು ಸೆಟ್‌ನಲ್ಲಿದ್ದ ಪ್ರೇಕ್ಷಕರು ನಕ್ಕರು ಅಂತ ನಕ್ಕಿದ್ದು. ‘ನಾಲ್ಕು ಕೋಲ್ಡಿಟ್ಸ್ ಸಲಾಡ್’ ಅಂತಾನೆ, ಎಲ್ರೂ ನಗ್ತಾರೆ. ‘ಈಗ ನಾವೆಲ್ಲಾ ಮಾರ್ಕೆಟ್‌ನಲ್ಲಿ ಒಟ್ಟಿಗೇ ಇದೀವಿ’ ಅಂತಾನೆ, ಯಾವ ಮಾರ್ಕೆಟ್ಟು? ಹೋಟೆಲಲ್ಲೇ ಬೀಡುಬಿಟ್ಟಿರೋ ಮುದುಕ ಮೇಜರ್ ಒಬ್ಬ, ಮೂಸ್ ತಲೆ ಮಾತಾಡ್ತು ಅಂತ ನಂಬಿ, ‘ಜಪಾನೀದಾ?’ ಅಂತ ಕೇಳ್ತಾನೆ, ಯಾಕೆ? ಆಮೇಲೆ ಅದೇ ಮೇಜರ್ ಯಾವಳೋ ಹಳೇ ಗೆಳತೀನ ‘ಇಂಡಿಯಾ ತೋರಿಸೋಕೆ ಕರ್ಕೊಂಡು ಹೋಗಿದ್ದೆ’ ಅಂತಾನೆ. ‘ಇಂಡಿಯಾಗಾ?’ ಅಂತ ಬೇಸಿಲ್. ‘ಓವಲ್‌ನಲ್ಲಿ’ ಅಂತ ಮೇಜರ್. ಅಪ್ಪ ಪೂರ್ತಿ ಕಂತಿನಲ್ಲಿ ಜೋರಾಗಿ ನಕ್ಕಿದ್ದು ಅಲ್ಲೊಂದೇ ಕಡೆ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ತಿಳಿಸಾರು:
ಸಲಾಡು ನಾನು ಹೇಳ್ತೀನಿ. ಪದಚಮತ್ಕಾರ ಅದು. ಅತಿಥಿಗಳು ಕೇಳಿದ್ದು ಮೊಟ್ಟೆ ಮೇಯನೀಸ್, ಸಿಗಡಿ, ಉಪ್ಪಿನಕಾಯಿ ಹಾಕಿದ ಹೆರಿಂಗ್ ಮೀನು, ತಣ್ಣನೆ ಮಾಂಸದ ಸಲಾಡು. ಇವನ ತಲೆ ತುಂಬ ಯುದ್ಧ ಕೂತಿರೋದ್ರಿಂದ ಸಿಗಡಿ ಹೋಗಿ ಗೊಬೆಲ್ಸ್ ಆಗತ್ತೆ, ಹೆರಿಂಗ್ ಹೋಗಿ ಹರ್ಮನ್ ಗೋರಿಂಗ್ ಆಗತ್ತೆ, ಇಬ್ರೂ ಹಿಟ್ಲರ್‌ನ ಮಂತ್ರಿಗಳು. ‘ಕೋಲ್ಡ್ ಮೀಟ್’ ಇದ್ದದ್ದು ಕೋಲ್ಡಿಟ್ಸ್ ಆಗತ್ತೆ. ಕೋಲ್ಡಿಟ್ಸ್ ಅಂದ್ರೆ ಪೂರ್ವ ಜರ್ಮನಿಯ ಸ್ಯಾಕ್ಸನಿಯಲ್ಲಿರೋ ಕೋಟೆ. ಬೇರೆ ಸೆರೆಮನೆಗಳಿಂದ ತಪ್ಪಿಸ್ಕೊಳ್ಳೋಕೆ ನೋಡಿದ ಮಿತ್ರಪಡೆ ಅಧಿಕಾರಿಗಳನ್ನ ಜರ್ಮನ್ನರು ಅಲ್ಲಿ ಕೂಡಿಹಾಕ್ತಿದ್ರು. ಅದರ ಮೇಲೆ ಬಿಬಿಸಿಯದ್ದೇ ಒಂದು ಧಾರಾವಾಹಿ 1972ರಿಂದ 74ರವರೆಗೆ ಬಂದಿತ್ತು. ಹಾಗಾಗಿ 75ರಲ್ಲಿ ನೋಡ್ತಿದ್ದೋರಿಗೆ ಆ ಹೆಸರು ಹಳೇ ಇತಿಹಾಸ ಅಲ್ಲ, ಮೊನ್ನೆ ಮೊನ್ನೆ ಮುಗಿದ ಸೀರಿಯಲ್ಲು.

ಇದು ನಮ್ಮನೇಲೇ ಆಗಿದೆ ಗೊತ್ತಾ. ಅಕ್ಕನ್ನ ನೋಡೋಕೆ ಗಂಡಿನ ಕಡೆಯೋರು ಬಂದಿದ್ರು. ಗಂಡಿನ ತಂದೆ ವಿಗ್ ಹಾಕ್ತಾರೆ ಅಂತ ಮೊದ್ಲೇ ಗೊತ್ತಿತ್ತು. ಅಜ್ಜಿ ಬೆಳಗ್ಗೆಯಿಂದ ಒಬ್ಬೊಬ್ಬರನ್ನೂ ಅಡುಗೆಮನೆಗೆ ಎಳ್ಕೊಂಡು ಹೋಗಿ ‘ಕೂದಲಿನ ಸುದ್ದಿ ಯಾರೂ ಎತ್ತಕೂಡದು’ ಅಂತ ತಾಕೀತು ಮಾಡಿದ್ರು. ಎಲೆ ಹಾಕಿ ಬಡಿಸೋಕೆ ಶುರು ಮಾಡಿದ್ವಿ. ಅತ್ತೆ ಬಟ್ಟಲು ಹಿಡ್ಕೊಂಡು ನೆಟ್ಟಗೆ ಅವರ ಎದುರಿಗೇ ಬಗ್ಗಿ, ‘ಭಾವನೋರೇ, ಇನ್ನೊಂದ್ ಚೂರು ಕೂದಲಂಬ್ರಿ?’ ಅಂದುಬಿಟ್ರು. ಕೋಸಂಬ್ರಿ ಕೈಯಲ್ಲೇ ಉಳೀತು.

ಲೆಗ್‌ಬ್ರೇಕ್:
ಕೂದಲಂಬ್ರಿ!! ಸಂಬಂಧ ಆಯ್ತಾ ಇಲ್ವಾ ಹೇಳಿ ಅಕ್ಕ ಮೊದ್ಲು.

ತಿಳಿಸಾರು:
ಆಯ್ತು. ಇಪ್ಪತ್ತು ವರ್ಷ ಆಗಿದೆ. ಆ ಮನೇಲಿ ಇವತ್ತಿಗೂ ಕೋಸಂಬ್ರಿಗೆ ಬೇರೆ ಹೆಸರಿಲ್ಲ, ಮಾವನೋರೇ ಹಾಗೆ ಕೇಳಿ ಹಾಕಿಸ್ಕೋತಾರೆ.

ಕಡ್ಡಿಮುರುಕ:
ಮಾರ್ಕೆಟ್ ಅಂದ್ರೆ ಕಾಮನ್ ಮಾರ್ಕೆಟ್, ಯುರೋಪಿನ ಆರ್ಥಿಕ ಸಮುದಾಯ. ಬ್ರಿಟನ್ ಸೇರಿದ್ದು 1973ರ ಜನವರಿ 1ಕ್ಕೆ. ಸೇರಿದ್ದು ಸರಿಯಾ ಅಂತ 1975ರ ಜೂನ್ 5ರಂದು ಜನಮತ ಕೇಳಿದ್ರು, ಮೂರರಲ್ಲಿ ಎರಡು ಪಾಲು ಜನ ‘ಇರೋಣ’ ಅಂದ್ರು. ಈ ಕಂತು ಪ್ರಸಾರ ಆಗಿದ್ದು ಅದೇ ವರ್ಷ ಅಕ್ಟೋಬರ್ 24ಕ್ಕೆ. ಅಂದ್ರೆ ನಾಲ್ಕು ತಿಂಗಳ ಹಿಂದಷ್ಟೇ ‘ಜರ್ಮನ್ನರ ಜೊತೆ ಒಂದೇ ಪಂಕ್ತೀಲಿ ಕೂರ್ತೀವಿ’ ಅಂತ ಓಟು ಹಾಕಿ ಬಂದ ಜನ, ಮನೇಲಿ ಕೂತು ಬೇಸಿಲ್ ಆ ಪಂಕ್ತೀಲಿ ಹೇಗೆ ಕೂರ್ತಾನೆ ಅಂತ ನೋಡ್ತಿದ್ರು. ‘ಹಳೇ ಜಗಳ ಎಲ್ಲಾ ಮರೆತಾಯ್ತು’ ಅಂತ ಅವನು ಹೇಳೋದು ಆಗಿನ ಪೇಪರಿನ ಭಾಷೆ.

ಮೂಸ್‌ದು ಇನ್ನೂ ಸುಲಭ. ಮೂಸ್ ಅಂದ್ರೆ ಕೆನಡಾದ ದೊಡ್ಡ ಕಡವೆ ಜಾತಿಯ ಪ್ರಾಣಿ. ಮೇಜಿನ ಹಿಂದೆ ಬಗ್ಗಿ ಹೋಟೆಲಿನ ಸ್ಪ್ಯಾನಿಷ್ ಮಾಣಿ ಮ್ಯಾನ್ಯುಯಲ್ ಇಂಗ್ಲಿಷ್ ಅಭ್ಯಾಸ ಮಾಡ್ತಿದ್ದಾಗ, ಎದುರಿಗಿರೋ ತಲೆಯೇ ಮಾತಾಡ್ತು ಅಂತ ಮೇಜರ್ ಅಂದ್ಕೋತಾನೆ. ಮಾತಾಡೋ ಯಂತ್ರ ಅಂದ್ರೆ ಜಪಾನೀದೇ ಇರಬೇಕು ಅನ್ನೋ ಕಾಲ ಅದು. ರೇಡಿಯೋ, ಟೇಪ್ ರೆಕಾರ್ಡರ್ ಎಲ್ಲಾ ಅಲ್ಲಿಂದಲೇ ಬರ್ತಿತ್ತಲ್ಲ. ಬೇಸಿಲ್ ‘ಕೆನಡಾದ್ದು’ ಅಂದ್ರೆ ‘ಕೆನಡಾದೋರು ಅಷ್ಟು ಬುದ್ಧಿವಂತರು ಅಂತ ಗೊತ್ತಿರಲಿಲ್ಲ’ ಅಂತಾನೆ ಮೇಜರ್. ಇಡೀ ಕಂತಿನಲ್ಲಿ ನನಗೆ ಪ್ರಿಯವಾದ ಸಾಲು ಇದೇ, ಬೇಸಿಲ್ ನಾಜಿ ಸೈನಿಕರ ಥರ ಕಾಲು ನೆಟ್ಟಗೆ ಎತ್ತಿ ಹಾಕೋ ಗೂಸ್‌ಸ್ಟೆಪ್ ನಡಿಗೆ ಅಲ್ಲ.

ಮಧ್ಯಾಹ್ನದ_ನಿದ್ದೆ:
ಜೋಕ್ ಬಿಡಿಸಿ ಹೇಳಿದ್ರೆ ಕಪ್ಪೆ ಕೊಯ್ದ ಹಾಗೆ. ಕಪ್ಪೇನೂ ಉಳಿಯಲ್ಲ, ನಗೂನೂ ಬರಲ್ಲ.

ಕಡ್ಡಿಮುರುಕ:
ನಿದ್ದೆ ಸಾಹೇಬ್ರೆ, ಕೇಳಿದ್ದಕ್ಕೆ ಹೇಳಿದ್ದು. ನೀವು ಮಲಗಿ.

ಹಳೇ_ರೇಡಿಯೋ:
ಗೂಬೆಯವರೇ, ನಿಮ್ಮ ತಂದೆ ಓವಲ್ ಅಂದ ಕೂಡಲೇ ನಕ್ಕಿದ್ದಕ್ಕೆ ಕಾರಣ ನಾನು ಹೇಳ್ತೀನಿ. ಓವಲ್ ಅಂದ್ರೆ ಲಂಡನ್ನಿನ ಕ್ರಿಕೆಟ್ ಮೈದಾನ. ನಮ್ಮ ವಯಸ್ಸಿನೋರಿಗೆ ಆ ಹೆಸರು ಕೇಳಿದ್ರೆ ನೆನಪಾಗೋದು ಒಂದೇ.

1971ರ ಆಗಸ್ಟ್, ಅಲ್ಲಿ ಇಂಗ್ಲೆಂಡ್ ಮೇಲೆ ನಮ್ಮ ಟೆಸ್ಟ್. ನಾನು ಏಳನೇ ಕ್ಲಾಸು, ಮೈಸೂರಿನ ಅಗ್ರಹಾರದಲ್ಲಿ ಮನೆ. ಸೋಮವಾರ, ಗೌರಿ ಹಬ್ಬ. ನಡುಮನೆ ತುಂಬ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು, ಮರದ ಬಾಗಿನ ಜೋಡಿಸಿಟ್ಟಿದ್ರು. ತಾತನ ಮರ್ಫಿ ರೇಡಿಯೋ ಇದ್ದದ್ದು ಅದೇ ಕೋಣೆಯ ಗೂಡಿನಲ್ಲಿ. ನಾನೂ ಚಿಕ್ಕಪ್ಪನೂ ಬಾಗಿನದ ಮೊರಗಳ ಮಧ್ಯೆ ಕಾಲಿಡೋಕೆ ಜಾಗ ಮಾಡ್ಕೊಂಡು ಕಿವಿ ಹಚ್ಚಿ ನಿಂತಿದ್ವಿ. ಶಾರ್ಟ್‌ವೇವ್ ಅಲೆ ಅಲೆಯಾಗಿ ಬರೋದು, ಹೋಗೋದು. ನೇರ ಹೊಡೆದ ಚೆಂಡು ಚಂದ್ರಶೇಖರ್ ಕೈಗೆ ತಾಗಿ ಎದುರಿನ ವಿಕೆಟ್‌ಗೆ ಬಡಿದು ಜೇಮ್ಸನ್ ರನೌಟ್. ಆಮೇಲೆ ಎಡ್ರಿಚ್ ಬೌಲ್ಡ್. ಮುಂದಿನ ಚೆಂಡಿಗೇ ಫ್ಲೆಚರ್, ಸೋಲ್ಕರ್ ಕೈಗೆ ಕ್ಯಾಚ್. ಅವರ ಊಟದ ಹೊತ್ತಿಗೆ 24ಕ್ಕೆ 3. ಚಿಕ್ಕಪ್ಪ ಹೋ ಅಂತ ಕಿರುಚಿದ್ದಕ್ಕೆ ಅಮ್ಮ ಆರತಿ ತಟ್ಟೆ ಹಿಡ್ಕೊಂಡೇ ತಿರುಗಿ ಗದರಿದ್ರು. ಇಂಗ್ಲೆಂಡ್ 101ಕ್ಕೆ ಆಲೌಟ್. ಚಂದ್ರ ನಮ್ಮ ಮೈಸೂರಿನೋರು, ಪೋಲಿಯೋ ಆಗಿ ಸೊರಗಿದ ಬಲಗೈಯಲ್ಲಿ 38 ರನ್ನಿಗೆ 6 ವಿಕೆಟ್. ಮಾರನೇ ದಿನ ಗಣೇಶನ ಹಬ್ಬ. ಅಲ್ಲಿನ ಭಾರತೀಯರು ಬೆಲ್ಲಾ ಅನ್ನೋ ಆನೇನ ಮೃಗಾಲಯದಿಂದ ಕರೆಸಿ ಮೈದಾನದಲ್ಲಿ ಮೆರೆಸಿದ್ರು. ನಾವು 173 ಬೆನ್ನಟ್ಟಿ ನಾಲ್ಕು ವಿಕೆಟ್‌ನಲ್ಲಿ ಗೆದ್ವಿ. ಇಂಗ್ಲೆಂಡ್ ನೆಲದಲ್ಲಿ ಮೊದಲ ಸರಣಿ ಗೆಲುವು.

ನಾಲ್ಕು ವರ್ಷ ಕಳೆದ ಮೇಲೆ ಆ ಮುದುಕ ಮೇಜರ್ ‘ಇಂಡಿಯಾ, ಓವಲ್‌ನಲ್ಲಿ’ ಅಂತಾನೆ. ನಿಮ್ಮ ತಂದೆಗೆ ಆನೆ ನೆನಪಾಗಿರತ್ತೆ.

ಗಿರಿನಗರದ_ಗೂಬೆ:
ಸಾರ್, ಅಪ್ಪನಿಗೆ ಇದನ್ನ ಓದಿ ಹೇಳಿದೆ. ‘ವಿಶ್ವನಾಥ್ ಹೆಸರು ಬಿಟ್ಟುಬಿಟ್ರಲ್ಲ ಅವರು’ ಅಂದ್ರು.

ಹಳೇ_ರೇಡಿಯೋ:
ತಪ್ಪಾಯ್ತು. ಎರಡನೇ ಇನಿಂಗ್ಸ್‌ನಲ್ಲಿ 33. ಗೆಲುವಿನ ಹತ್ತಿರಕ್ಕೆ ತಂದು ಔಟಾದ್ರು. ಕೊನೆಗೆ ಬೌಂಡರಿ ಹೊಡೆದದ್ದು ಆಬಿದ್ ಅಲಿ. ಅಪ್ಪಾಜಿಗೆ ನಮಸ್ಕಾರ ಹೇಳಿ.

ಲೆಗ್‌ಬ್ರೇಕ್:
ಎಡ್ರಿಚ್ ವಿಕೆಟ್ ಹಿಂದೇನೇ ಒಂದು ರೆಫರೆನ್ಸ್ ಇದೆ ಸಾರ್. ದಿಲೀಪ್ ಸರ್‌ದೇಸಾಯಿ ಚಂದ್ರಗೆ ‘ಮಿಲ್ ರೀಫ್ ಹಾಕು’ ಅಂದ್ರಂತೆ. ಮಿಲ್ ರೀಫ್ ಅಂದ್ರೆ ಆ ವರ್ಷ ಡರ್ಬಿ ಗೆದ್ದ ಕುದುರೆ. ಅಂದ್ರೆ ವೇಗದ ಚೆಂಡು ಹಾಕು ಅಂತ. ಎಡ್ರಿಚ್‌ಗೆ ಬ್ಯಾಟ್ ಇಳಿಸೋಕೂ ಪುರುಸೊತ್ತಾಗಲಿಲ್ಲ. ನೋಡಿ, ಇಂಗ್ಲಿಷ್ ಡರ್ಬಿ ಗೆದ್ದ ಕುದುರೆ ಹೆಸರು ಹೇಳಿ ಇಂಗ್ಲಿಷರನ್ನೇ ಔಟ್ ಮಾಡಿದ್ದು.

ಆದ್ರೆ ಒಂದು ತಕರಾರು. ಮೇಜರ್ ಹೇಳ್ತಿರೋದು 71ರದ್ದಲ್ಲ. ‘ಯಾವಾಗಲೋ ಒಬ್ಬಳಿದ್ಲು’ ಅನ್ನೋ ಧಾಟಿ ಅವನದು. ಆ ಪಾತ್ರ ಮಾಡಿದ ಬಲ್ಲಾರ್ಡ್ ಬರ್ಕ್ಲಿ ಹುಟ್ಟಿದ್ದು 1904ರಲ್ಲಿ. ಯೌವನದ ಗೆಳತಿ ಅಂದ್ರೆ 1936ರ ಓವಲ್ ಟೆಸ್ಟ್ ಇರಬೇಕು, ಇಂಗ್ಲೆಂಡಿನ ಹ್ಯಾಮಂಡ್ ನಮ್ಮ ಮೇಲೆ 217 ಹೊಡೆದದ್ದು.

ಕಡ್ಡಿಮುರುಕ:
ಟೆಸ್ಟೇ ಯಾಕಾಗಬೇಕು? 1946ರ ಮೇ ತಿಂಗಳಲ್ಲಿ ಓವಲ್‌ನಲ್ಲೇ ಸರ್ರೆ ತಂಡದ ಮೇಲೆ ನಮ್ಮ ಹತ್ತನೇ, ಹನ್ನೊಂದನೇ ನಂಬರಿನ ಸರ್ವಟೆ ಮತ್ತು ಶುಟೆ ಬ್ಯಾನರ್ಜಿ ಇಬ್ರೂ ಶತಕ ಹೊಡೆದು ಕೊನೇ ವಿಕೆಟ್‌ಗೆ 249 ಸೇರಿಸಿದ್ರು. ಮೇಜರ್ ಯುದ್ಧ ಮುಗಿಸಿ ಆಗಷ್ಟೇ ಮನೆಗೆ ಬಂದಿರ್ತಾನೆ, ಜೊತೆಗೊಬ್ಬಳು ಹುಡುಗಿ. ಲೆಕ್ಕ ಸರಿ ಹೋಗತ್ತೆ.

ಮಧ್ಯಾಹ್ನದ_ನಿದ್ದೆ:
ಇಲ್ಲದ ಮೇಜರು, ಇಲ್ಲದ ಹುಡುಗಿ, ಅವರು ನೋಡಿದ ಮ್ಯಾಚು ಯಾವುದು ಅಂತ ಇಬ್ಬರು ಜಗಳ. ಇಂಟರ್ನೆಟ್ ಕಂಡುಹಿಡಿದದ್ದು ಸಾರ್ಥಕ ಆಯ್ತು.

ಲೀಸ್ಟರ್_ಲಕ್ಕವ್ವ:
ಎಲ್ಲರೂ ಆನೆ ಸುತ್ತಲೇ ಸುತ್ತಾ ಇದೀರಾ. ಓವಲ್ ಅಂದ ಮೇಲೆ ಮೇಜರ್ ಮುಂದೇನು ಹೇಳ್ತಾನೆ ಅಂತ ಯಾರೂ ಬರೀಲಿಲ್ಲ. ಗೂಬೆ, ನೀನು ನೋಡಿದ ಪ್ರತೀಲಿ ಇತ್ತಾ ಇಲ್ವಾ?

ಆ ಹುಡುಗಿ ಭಾರತದ ಆಟಗಾರರನ್ನ ಒಂದು ಕೆಟ್ಟ ಬೈಗುಳದಲ್ಲಿ ಕರೀತಿದ್ಲಂತೆ. ಇವನು ‘ಇಲ್ಲ ಇಲ್ಲ, ಆ ಮಾತು ವೆಸ್ಟ್ ಇಂಡೀಸ್‌ನೋರಿಗೆ, ಇವರಿಗೆ ಬೇರೆ’ ಅಂತ ಇನ್ನೊಂದು ಬೈಗುಳ ಹೇಳಿ ತಿದ್ದುತ್ತಾನೆ. ಆ ಎರಡನೇ ಮಾತನ್ನ ನಮ್ಮ ಚಿಕ್ಕಪ್ಪ 1974ರಲ್ಲಿ ಇಲ್ಲಿಗೆ, ಇಂಗ್ಲೆಂಡಿಗೆ, ಡಾಕ್ಟರಾಗಿ ಬಂದ ಮೊದಲ ವಾರವೇ ಕೇಳಿದ್ರು. ರಾತ್ರಿ ಪಾಳಿ, ಕೈ ಮುರಿದುಕೊಂಡು ಬಂದ ಒಬ್ಬ ಮುದುಕ. ಚಿಕ್ಕಪ್ಪ ಪಟ್ಟಿ ಕಟ್ತಾ ಇದ್ರೆ ಅವನು ನರ್ಸ್ ಹತ್ರ ‘ಬೇರೆ ಯಾರೂ ಇಲ್ವಾ, ಇವನೊಬ್ಬನೇನಾ’ ಅಂತ ಆ ಮಾತು ಸೇರಿಸಿ ಕೇಳಿದನಂತೆ. ಏನ್ ಮಾಡಿದ್ರಿ ಅಂದೆ. ‘ಪಟ್ಟಿ ಸರಿಯಾಗಿ ಕಟ್ಟಿದೆ’ ಅಂದ್ರು. ಅಷ್ಟೇ.

ಹಾಗಾಗಿ ಈ ಸಾಲು ಬಂದಾಗ ನನಗೆ ನಗು ಬರಲ್ಲ. ಬರಬೇಕು ಅಂತಲೂ ಇಲ್ಲ.

ಗಿರಿನಗರದ_ಗೂಬೆ:
ಲಕ್ಕವ್ವಾ, ನಾವು ನೋಡಿದ್ದರಲ್ಲಿ ಓವಲ್ ಆದ್ಮೇಲೆ ಸೀದಾ ಮುಂದಿನ ಮಾತಿಗೆ ಹೋಯ್ತು. ಕತ್ತರಿ ಬಿದ್ದಿದೆ ಅಂತ ಈಗ ಗೊತ್ತಾಯ್ತು.

ಕಡ್ಡಿಮುರುಕ:
ಕತ್ತರಿ ಎರಡು ಸಲ ಸುದ್ದಿಯಾಗಿದೆ. 2013ರ ಜನವರೀಲಿ ಬಿಬಿಸಿ ಮರುಪ್ರಸಾರ ಮಾಡುವಾಗ ಮೇಜರ್ ಸಾಲು ತೆಗೆದ್ರು. 2020ರ ಜೂನ್‌ನಲ್ಲಿ, ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಕರಿಯ ಜಾರ್ಜ್ ಫ್ಲಾಯ್ಡ್ ಸತ್ತ ನಂತರದ ಪ್ರತಿಭಟನೆಗಳ ಹೊತ್ತಿಗೆ, ಬ್ರಿಟನ್ನಿನ ಚಾನೆಲ್ ಸಂಸ್ಥೆ ಯುಕೆಟಿವಿ ತನ್ನ ಸ್ಟ್ರೀಮಿಂಗ್‌ನಿಂದ ಇಡೀ ಕಂತನ್ನೇ ಇಳಿಸಿ, ಗಲಾಟೆ ಆದ ಮೇಲೆ ಎಚ್ಚರಿಕೆ ಫಲಕ ಹಾಕಿ ವಾಪಸ್ ಏರಿಸ್ತು. ಬೇಸಿಲ್ ಪಾತ್ರ ಮಾಡಿದ, ಕಂತು ಬರೆದವರಲ್ಲೂ ಒಬ್ಬನಾದ ಜಾನ್ ಕ್ಲೀಸ್ ಕಿಡಿಕಿಡಿ ಆಗಿದ್ದ. ಮೇಜರ್ ಹಳೇ ಕಾಲದ ಪಳೆಯುಳಿಕೆ, ನಾವು ಗೇಲಿ ಮಾಡಿದ್ದು ಅವನನ್ನೇ, ಅವನ ಮಾತನ್ನ ಒಪ್ಪಿ ಅಲ್ಲ ಅಂತ ಅವನ ವಾದ. ನನಗೆ ಆ ವಾದ ಸರಿ ಅನ್ನಿಸತ್ತೆ. ಬೈಗುಳವನ್ನ ವ್ಯಾಕರಣದ ಹಾಗೆ ತಿದ್ದೋ ಮುಠ್ಠಾಳತನವೇ ಅಲ್ಲಿನ ಜೋಕು.

ಲೀಸ್ಟರ್_ಲಕ್ಕವ್ವ:
ವಾದ ನನಗೂ ಅರ್ಥ ಆಗತ್ತೆ ಸ್ವಾಮಿ. ಆದ್ರೆ 1975ರಲ್ಲಿ ಮೇಜರ್‌ನ ನೋಡಿ ನಕ್ಕೋರು ಎಷ್ಟೋ, ಮೇಜರ್ ಜೊತೆ ಸೇರಿ ನಕ್ಕೋರು ಎಷ್ಟೋ. ಟಿವಿ ಮುಂದೆ ಕೂತೋರ ನಗು ಎರಡೂ ಒಂದೇ ಥರ ಕೇಳಿಸತ್ತೆ. ಕತ್ತರಿಸಿ ಅಂತ ನಾನೂ ಹೇಳ್ತಿಲ್ಲ. ಕತ್ತರಿಸಿದ್ರೆ ನಮ್ಮ ಚಿಕ್ಕಪ್ಪ ಕೇಳಿದ್ದು ಸುಳ್ಳಾಗಿಬಿಡತ್ತೆ. ಇರಲಿ, ಆದ್ರೆ ‘ಯಾಕೆ ನಗಲ್ಲ ನೀವು’ ಅಂತ ನನ್ನ ಕೇಳಬೇಡಿ.

ಸ್ಟುಟ್‌ಗಾರ್ಟ್_ಶ್ಯಾನುಭೋಗ:
ಜರ್ಮನಿಯಿಂದ ಎರಡು ಮಾತು. ಈ ಕಂತನ್ನ ನನ್ನ ಆಫೀಸಿನ ಗೆಳೆಯನಿಗೆ ತೋರಿಸಿದ್ದೆ, ಅವನು ಲೈಪ್‌ಜಿಗ್ ಹತ್ತಿರದೋನು. ಬೇಸಿಲ್ ಮೂಗಿನ ಕೆಳಗೆ ಬೆರಳಿಟ್ಟು ಮೀಸೆ ಮಾಡಿ ನಡೆಯೋದು ಬಂದಾಗ ಸುಮ್ನೆ ಕಾಫಿ ಕುಡೀತಾ ಕೂತಿದ್ದ. ‘ನೀವೇ ಶುರು ಮಾಡಿದ್ದು, ಪೋಲೆಂಡ್ ಮೇಲೆ ಬಿದ್ದೋರು ನೀವು’ ಅನ್ನೋದಕ್ಕೆ ಸ್ವಲ್ಪ ನಕ್ಕ. ಕೊನೇಲಿ ಮೂಸ್ ತಲೆ ಬಿದ್ದು ಬೇಸಿಲ್, ಮ್ಯಾನ್ಯುಯಲ್ ಇಬ್ಬರೂ ನೆಲಕ್ಕುರುಳಿದ ಮೇಲೆ ಜರ್ಮನ್ ಅತಿಥಿ ‘ಇವರು ಅದು ಹೇಗೆ ಯುದ್ಧ ಗೆದ್ರೋ!’ ಅಂತಾನಲ್ಲ, ಅಲ್ಲಿ ಕಪ್ ಕೆಳಗಿಟ್ಟು ನಕ್ಕ.

ಕೋಲ್ಡಿಟ್ಸ್ ಬಗ್ಗೆ ಕೇಳಿದೆ. ಅವನಿಗೆ ಅದು ಊರ ಹತ್ತಿರದ ಒಂದು ಕೋಟೆ ಅಷ್ಟೇ, ಈಗ ಅಲ್ಲಿ ಯೂತ್ ಹಾಸ್ಟೆಲ್ ಇದೆ. ಇಂಗ್ಲಿಷ್ ಮುದುಕರು ಬಸ್ಸಲ್ಲಿ ಬಂದು ಯಾಕೆ ಕಣ್ಣೀರು ಹಾಕ್ತಾರೆ ಅಂತ ಚಿಕ್ಕವನಾಗಿದ್ದಾಗ ತಿಳೀತಿರಲಿಲ್ಲವಂತೆ. ಇನ್ನೊಂದು ಕಡೆ ಇವರು ಪ್ರತಿ ಡಿಸೆಂಬರ್ 31ರ ರಾತ್ರಿ ತಪ್ಪದೆ ನೋಡೋದು ‘ಡಿನ್ನರ್ ಫಾರ್ ಒನ್’ ಅನ್ನೋ ಇಂಗ್ಲಿಷ್ ಪ್ರಹಸನ. 1963ರಲ್ಲಿ ಇಲ್ಲಿನ ಟಿವಿಯೋರು ಚಿತ್ರೀಕರಿಸಿದ್ದು. ಇಂಗ್ಲೆಂಡಿನಲ್ಲಿ ಹೆಚ್ಚಿನೋರಿಗೆ ಅದರ ಹೆಸರೇ ಗೊತ್ತಿಲ್ಲ.

ತಿಳಿಸಾರು:
ಶ್ಯಾನುಭೋಗರೇ, ‘ಅತಿಕ್ರಮ ಪ್ರವೇಶ ಮಾಡಿದ್ರೆ ಪಿಯಾನೋ ತಂತಿಯಲ್ಲಿ ಕಟ್ಟಿಹಾಕ್ತೀವಿ’ ಅಂತ ಒಂದು ಸಾಲು ಬರತ್ತಲ್ಲ, ಅದು ಏನು? ಎರಡು ಸಲ ಹಿಂದಕ್ಕೆ ಹಾಕಿ ಕೇಳಿದೆ.

ಸ್ಟುಟ್‌ಗಾರ್ಟ್_ಶ್ಯಾನುಭೋಗ:
ಅದು ಕತ್ತಲೆ ಜೋಕು ಅಕ್ಕ. 1944ರ ಜುಲೈ 20ರಂದು ಹಿಟ್ಲರ್‌ನ ಬಾಂಬಿಟ್ಟು ಕೊಲ್ಲೋಕೆ ಅವನ ಸೇನಾಧಿಕಾರಿಗಳೇ ಹೊರಟಿದ್ರು. ಸಿಕ್ಕಿಬಿದ್ದೋರನ್ನ ಬರ್ಲಿನ್ನಿನ ಪ್ಲೋಟ್ಸೆನ್‌ಸೇ ಜೈಲಿನಲ್ಲಿ ಪಿಯಾನೋ ತಂತಿಯಿಂದ ನೇಣಿಗೆ ಹಾಕಿದ್ರು ಅಂತ ಪ್ರತೀತಿ. ಬೇಸಿಲ್ ‘ವಾರ್’ ಅಂತ ಶುರು ಮಾಡಿ, ತಪ್ಪು ಗೊತ್ತಾಗಿ ‘ವಾರ್ನಿಂಗ್’ ಅಂತ ತಿರುಗಿಸೋಕೆ ಹೋಗಿ, ಅಲ್ಲಿಂದ ಇನ್ನೂ ಆಳದ ಗುಂಡಿಗೆ ಬೀಳ್ತಾನೆ.

ಕಡ್ಡಿಮುರುಕ:
ಮ್ಯಾನ್ಯುಯಲ್ ಮಾಡಿದ ಆಂಡ್ರ್ಯೂ ಸ್ಯಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಬಾರ್ಸಿಲೋನಾದ ಮಾಣಿಯ ಪಾತ್ರ ಮಾಡಿದವನು ಹುಟ್ಟಿದ್ದು ಬರ್ಲಿನ್ನಿನಲ್ಲಿ, 1930ರಲ್ಲಿ. ತಂದೆ ಯಹೂದಿ. 1938ರಲ್ಲಿ ನಾಜಿಗಳಿಂದ ತಪ್ಪಿಸ್ಕೊಂಡು ಮನೆಯೋರೆಲ್ಲ ಇಂಗ್ಲೆಂಡಿಗೆ ಬಂದ್ರು. ಈಗ ಆ ಊಟದ ಮನೆಯ ದೃಶ್ಯ ಇನ್ನೊಂದು ಸಲ ನೋಡಿ. ಬೇಸಿಲ್ ಹಿಟ್ಲರ್ ನಡಿಗೆ ನಡೆಯೋ ಆ ಹೋಟೆಲಲ್ಲಿ ನಿಜವಾಗಿ ಹಿಟ್ಲರ್‌ಗೆ ಹೆದರಿ ಊರು ಬಿಟ್ಟೋನು ಒಬ್ಬ ಇದಾನೆ, ಅವನು ಸ್ಪ್ಯಾನಿಷ್ ಮಾಣಿಯ ಕೋಟು ಹಾಕ್ಕೊಂಡು ನಿಂತಿದಾನೆ.

ಆ ಕೋಟಿನ ಕಥೆಯೂ ಇದೆ. ಅಡುಗೆಮನೆ ಬೆಂಕಿ ದೃಶ್ಯಕ್ಕೆ ಹೊಗೆ ಬರಲಿ ಅಂತ ಕೋಟಿಗೆ ರಾಸಾಯನಿಕ ಹಚ್ಚಿದ್ರು. ಅದು ಬಟ್ಟೆ ದಾಟಿ ಮೈ ಸುಟ್ಟಿತು. ತೆರೆ ಮೇಲೆ ಕಾಣೋ ಹೊಗೆ ಅವನಿಗೆ ಸುಳ್ಳು ಹೊಗೆ ಆಗಿರಲಿಲ್ಲ.

ಲೆಗ್‌ಬ್ರೇಕ್:
ಸ್ಪೇನ್‌ನಲ್ಲಿ ಡಬ್ ಮಾಡುವಾಗ ಮ್ಯಾನ್ಯುಯಲ್‌ನ ಪಾವ್ಲೊ ಅನ್ನೋ ಇಟಾಲಿಯನ್ ಮಾಡಿದ್ರಂತೆ. ಬಾರ್ಸಿಲೋನಾ ಇರೋ ಕ್ಯಾಟಲೋನಿಯಾದ ಟಿವಿಯಲ್ಲಿ ಮೆಕ್ಸಿಕೋದವನಾದ. ದಡ್ಡ ಮಾಣಿ ಯಾವತ್ತೂ ಪಕ್ಕದೂರಿನೋನೇ. ಕನ್ನಡಕ್ಕೆ ಡಬ್ ಮಾಡಿದ್ರೆ ಯಾವೂರಿನೋನು ಮಾಡ್ತಾರೆ?

ಧಾರವಾಡದಾಂವ:
ಅದೇನ್ ಕೇಳ್ತೀರಿ, ನಮ್ಮವನ್ನ ಮಾಡ್ತಾರ. ಟಿವಿ ಹಚ್ಚಿದ್ರ ಸಾಕು, ಯಾವ ಹಾಸ್ಯ ಧಾರಾವಾಹಿ ಇರ್ಲಿ, ಒಬ್ಬಾಂವ ‘ಏನ್ರೀಪಾ, ಹೌದ್ರೀಪಾ’ ಅನ್ಕೋತ ಬರ್ತಾನ. ಅಂವಾ ಏನೂ ಜೋಕ್ ಹೇಳಬೇಕಾಗಿಲ್ಲ. ಮಾತಾಡಿದ್ರ ಮುಗೀತು, ಅದ ಜೋಕು. ಮ್ಯಾಲ ಅದು ನಮ್ಮ ಕಡೆ ಭಾಷಾನೂ ಅಲ್ಲ, ಬೆಂಗಳೂರಾಗ ಕುಂತು ಬರದದ್ದು.

ನಾ ಬೆಂಗಳೂರಿಗೆ ಬಂದ ಹೊಸದಾಗಿ ಒಂದ್ ಅಂಗಡ್ಯಾಗ ‘ಅರ್ಧಾ ಕಿಲೋ ಉಳ್ಳಾಗಡ್ಡಿ ಕೊಡ್ರಿ’ ಅಂದೆ. ಅಂಗಡಿಯಾಂವ ನಕ್ಕ, ‘ಸಾರ್, ಇನ್ನೊಂದ್ಸಲ ಹೇಳಿ’ ಅಂದ. ತಿಳೀಲಿಲ್ಲ ಅಂತ ಅಲ್ಲ. ಒಳಗಿದ್ದ ಹೆಂಡ್ತಿಗೆ ಕೇಳಸ್ಲಿಕ್ಕೆ. ಲಕ್ಕವ್ವಾರು ಹೇಳಿದ್ದು ನನಗ ಛಲೋ ತಿಳೀತದ.

ಕಡಲಕರೆ:
ನಿಮ್ಮದಾದ್ರೂ ಎರಡು ಡೈಲಾಗ್ ಉಂಟು. ನಮ್ಮನ್ನು ‘ಎಂತ ಮಾರಾಯ’ ಒಂದರಲ್ಲೇ ಮುಗಿಸ್ತಾರೆ. ಒಂದೋ ಹೋಟೆಲ್ ಯಜಮಾನ, ಇಲ್ಲದಿದ್ರೆ ಬ್ಯಾಂಕ್ ಮ್ಯಾನೇಜರ್. ನಾವು ಎಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಮಾರಾಯ ಮಾರಾಯ ಹೇಳಿಕೊಂಡು ಕೂತುಕೊಳ್ಳುವುದಾ ಮಾರಾಯ್ರೆ?

ಮಧ್ಯಾಹ್ನದ_ನಿದ್ದೆ:
ಹೌದು. ಈಗಷ್ಟೇ ಹೇಳಿದ್ರಿ.

ಕಡಲಕರೆ:
ಥತ್.

ಹಳೇ_ರೇಡಿಯೋ:
ಆ ಕಾಲದಲ್ಲೇ ಇನ್ನೊಂದಿತ್ತು, ‘ಮೈಂಡ್ ಯುವರ್ ಲ್ಯಾಂಗ್ವೇಜ್’, 1977ರದ್ದು, ಬಿಬಿಸಿಯದ್ದಲ್ಲ, ಐಟಿವಿಯದ್ದು. ಇಂಗ್ಲಿಷ್ ಕಲಿಯೋ ಕ್ಲಾಸಿನಲ್ಲಿ ಸರ್ದಾರ್ಜಿ, ಪಾಕಿಸ್ತಾನದೋನು, ಜಪಾನಿ, ಎಲ್ಲಾ ದೇಶದೋರು. ಚಾನೆಲ್‌ನೋರೇ ಮುಜುಗರ ಪಟ್ಟು ನಿಲ್ಲಿಸಿದ್ರು. ನಾವು ಮಾತ್ರ ಕ್ಯಾಸೆಟ್ ಬಾಡಿಗೆಗೆ ತಂದು ಬಿದ್ದು ಬಿದ್ದು ನೋಡ್ತಿದ್ವಿ. ಆಮೇಲೆ 1993ರಲ್ಲಿ ದೂರದರ್ಶನದಲ್ಲಿ ಅದೇ ಅಚ್ಚಿನಲ್ಲಿ ‘ಜಬಾನ್ ಸಂಭಾಲ್ಕೆ’ ಬಂತು, ಪಂಕಜ್ ಕಪೂರ್ ಮೇಷ್ಟ್ರು. ಅಲ್ಲಿ ಹಿಂದಿ ಬರದೆ ಒದ್ದಾಡೋರ ಸಾಲಿನಲ್ಲಿ ದಕ್ಷಿಣದೋರೂ ಕೂತಿದ್ರು. ಆಗ ನನಗೆ ಅಷ್ಟು ನಗು ಬರಲಿಲ್ಲ ನೋಡಿ.

ಧಾರವಾಡದಾಂವ:
ಹಾಂ, ಈಗ ಹಾದಿಗೆ ಬಂದ್ರಿ ಸಾಹೇಬ್ರ.

ಲೀಸ್ಟರ್_ಲಕ್ಕವ್ವ:
ಕೋಲ್ಡಿಟ್ಸ್ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಎಲ್ರೂ ಅದು ಇಂಗ್ಲಿಷರ ಕಥೆ ಅನ್ನೋ ಹಾಗೆ ಮಾತಾಡ್ತಿದೀರಾ. ಆ ಕೋಟೇಲಿ ಒಬ್ಬ ಭಾರತೀಯ ಇದ್ರು. ಡಾಕ್ಟರ್ ಬೀರೇಂದ್ರನಾಥ ಮಜುಂದಾರ್, ಬ್ರಿಟಿಷ್ ಸೇನೆಯ ವೈದ್ಯಕೀಯ ದಳದ ಕ್ಯಾಪ್ಟನ್, ಬಿಹಾರದ ಗಯಾದಲ್ಲಿ ಹುಟ್ಟಿದೋರು. ಜೊತೆಗಿದ್ದ ಇಂಗ್ಲಿಷ್ ಅಧಿಕಾರಿಗಳು ಅವರಿಗೆ ಇಟ್ಟ ಹೆಸರು ‘ಜಂಬೋ’, ಆನೆ ಹೆಸರು. ಅದೂ ಜಂಬೋ ಆಫ್ರಿಕಾದ ಆನೆ! ಮೇಜರ್ ಯಾವ ಬೈಗುಳ ಯಾರಿಗೆ ಅಂತ ತಿದ್ದಿದ್ನಲ್ಲ, ಇವರಿಗೆ ಆನೆಯೂ ಸರಿಯಾಗಿ ಗೊತ್ತಿರಲಿಲ್ಲ.

ಸುಭಾಷ್‌ಚಂದ್ರ ಬೋಸರೇ ಅವರನ್ನ ಭೇಟಿಯಾಗಿ ತಮ್ಮ ಸೇನೆಗೆ ಕರೆದ್ರು. ಸೇನೆ ಸೇರುವಾಗ ಕೊಟ್ಟ ಮಾತು ಮುರಿಯಲ್ಲ ಅಂತ ಇವರು ಒಪ್ಪಲಿಲ್ಲ. ಆದ್ರೂ ಕೋಟೆಯೊಳಗಿನ ಇಂಗ್ಲಿಷರು ತಪ್ಪಿಸ್ಕೊಳ್ಳೋ ಯೋಜನೇಲಿ ಇವರನ್ನ ಸೇರಿಸಲಿಲ್ಲ, ನಿನ್ನ ಮೈಬಣ್ಣ ನೋಡಿದ್ರೆ ಹೊರಗೆ ಸಿಕ್ಕಿಬೀಳ್ತೀಯ ಅಂತ. ಕೊನೆಗೆ ಉಪವಾಸ ಕೂತು, ಭಾರತೀಯ ಸೈನಿಕರಿದ್ದ ಶಿಬಿರಕ್ಕೆ ವರ್ಗ ಮಾಡಿಸ್ಕೊಂಡು, ಫ್ರಾನ್ಸಿನಿಂದ ತಪ್ಪಿಸ್ಕೊಂಡು ನಡೆದೇ ಸ್ವಿಟ್ಜರ್‌ಲೆಂಡ್ ಮುಟ್ಟಿದ್ರು. ಇಂಗ್ಲಿಷರದೇ ಸಾಹಸದ ಕಥೆ ಅಂತ ಎಲ್ರೂ ನಂಬಿರೋ ಕೋಟೆಯಿಂದ ಬಂದ ಮನುಷ್ಯ ಇವರು. ‘ನಾಲ್ಕು ಕೋಲ್ಡಿಟ್ಸ್ ಸಲಾಡ್’ ಅಂದಾಗ ನನಗೆ ಇನ್ಮುಂದೆ ಇವರ ಮುಖವೇ ಬರೋದು.

ಕಡ್ಡಿಮುರುಕ:
ಇದು ನಿಜಕ್ಕೂ ಗೊತ್ತಿರಲಿಲ್ಲ. ಲಕ್ಕವ್ವ, ನನ್ನ ಮೇಲಿನ ವಾದ ಹಿಂದಕ್ಕೆ ತಗೊಳ್ಳಲ್ಲ, ಆದ್ರೆ ಸ್ವಲ್ಪ ದನಿ ಇಳಿಸ್ತೀನಿ.

ಲೀಸ್ಟರ್_ಲಕ್ಕವ್ವ:
ಇಳಿಸಿದ್ರಲ್ಲ, ಸಾಕು.

ಚಹಾಪುಡಿ:
ತಡವಾಗಿ ಬಂದೆ. ಮ್ಯಾನ್ಯುಯಲ್ ಹೆಸರು ಓದಿ ಮ್ಯಾಂಗಲೋರಿನೋನು ಅಂದ್ಕೊಂಡೆ.

ಕಡಲಕರೆ:
ಎಂತ ಮಾರಾಯ.

ಸ್ಟುಟ್‌ಗಾರ್ಟ್_ಶ್ಯಾನುಭೋಗ:
ಒಂದು ಸಣ್ಣದು ಮರೆತಿದ್ದೆ. ಬಾಕಿ ಕಂತುಗಳೆಲ್ಲ ಹೋಟೆಲಿನ ಬೋರ್ಡಿನಿಂದ ಶುರುವಾಗ್ತವೆ, ಅಕ್ಷರಗಳು ಸೊಟ್ಟಗೆ, ಹಿಂದುಮುಂದಾಗಿ. ಇದು ಮಾತ್ರ ಆಸ್ಪತ್ರೆಯಿಂದ ಶುರು. ಒಟ್ಟು ಇರೋದೇ ಹನ್ನೆರಡು ಕಂತು, 75ರಲ್ಲಿ ಆರು, 79ರಲ್ಲಿ ಆರು. ಮೂರನೇ ಸಲ ಬರೀಲಿಲ್ಲ. ನಮ್ಮ ಧಾರಾವಾಹಿಗಳಲ್ಲಿ ಹನ್ನೆರಡು ಕಂತಿಗೆ ನಾಯಕಿ ಮೆಟ್ಟಿಲು ಇಳಿದಿರಲ್ಲ.

ತಿಳಿಸಾರು:
ಮೆಟ್ಟಿಲು ಇಳೀವಾಗ ಮೂರು ದಿಕ್ಕಿನಿಂದ ಮುಖ ತೋರಿಸಬೇಕಲ್ಲ, ಟೈಮ್ ಹಿಡಿಯತ್ತೆ.

ಗಿರಿನಗರದ_ಗೂಬೆ:
ಎಲ್ರಿಗೂ ದೊಡ್ಡ ನಮಸ್ಕಾರ. ಒಂದು ಸಲಾಡ್ ಕೇಳಿದ್ದಕ್ಕೆ ಪೂರ್ತಿ ಎಲೆ ಊಟ ಬಡಿಸಿದ್ರಿ. ಲಕ್ಕವ್ವಾ, ಕತ್ತರಿ ಬೀಳದ ಪ್ರತಿ ಹುಡುಕಿ ಇವತ್ತು ಮಧ್ಯಾಹ್ನ ಒಬ್ಬನೇ ನೋಡಿದೆ. ಆ ಸಾಲು ಬಂದಾಗ ನಾನೂ ನಗಲಿಲ್ಲ, ನಿಮ್ಮ ಚಿಕ್ಕಪ್ಪನ ಪಟ್ಟಿಯೇ ನೆನಪಾಯ್ತು. ಮೂಸ್ ಜೋಕಿಗೆ ಮಾತ್ರ ಮೊದಲಿಗಿಂತ ಜಾಸ್ತಿ ನಕ್ಕೆ.

ಸಂಜೆ ಅಪ್ಪನ ಜೊತೆ ಇನ್ನೊಂದು ಸಲ ಹಾಕಿದೆ. ಕೋಲ್ಡಿಟ್ಸ್, ಮಾರ್ಕೆಟ್ಟು, ಪಿಯಾನೋ ತಂತಿ ಎಲ್ಲಾ ನಿಲ್ಲಿಸಿ ನಿಲ್ಲಿಸಿ ವಿವರಿಸಿದೆ. ‘ಹೂಂ’ ‘ಹೂಂ’ ಅಂತ ಕೇಳಿದ್ರು. ಅಮ್ಮ ಅಡುಗೆಮನೆಯಿಂದ ಬಂದು ಸಿಬಿಲ್ ಆಸ್ಪತ್ರೆ ದೃಶ್ಯ ನೋಡಿ, ಉಗುರು ಒಳಕ್ಕೆ ಬೆಳೆದಿದ್ದಕ್ಕೆ ಯಾರಾದ್ರೂ ಅಡ್ಮಿಟ್ ಆಗ್ತಾರಾ ಅಂತ ಕೇಳಿ ವಾಪಸ್ ಹೋದ್ರು. ಕಂತು ಮುಗೀತು, ಹೆಸರುಗಳೆಲ್ಲ ಮೇಲೆ ಹೋದ್ವು. ಅಪ್ಪ ರಿಮೋಟ್ ಕೈಯಲ್ಲೇ ಹಿಡ್ಕೊಂಡು ಹೇಳಿದ್ರು: ‘ಎಲ್ಲಾ ಸರಿ, ಓವಲ್ ಅಂದಮೇಲೆ ಆ ಆನೇನ ಒಂದ್ಸಲ ತೋರಿಸಬಹುದಿತ್ತಲ್ವೇನೋ.’